ಅತ್ತೆಯ ಬೆನ್ನ ಕೆಳಗಿನ ಗುರುತು

ಅತ್ತೆ ಸ್ಟೂಲಿನಿಂದ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡದ್ದು ಗುರುವಾರ. ಡಾಕ್ಟರು ಬಂದು ನೋಡಿ, ಮೂಳೆಗೇನೂ ಆಗಿಲ್ಲ, ಮೂರು ದಿನ ಗಟ್ಟಿ ಹಲಗೆಯ ಮೇಲೆ ಅಲ್ಲಾಡದೆ ಮಲಗಿರಲಿ ಎಂದು ಹೇಳಿ ಹೋದರು. ಅತ್ತೆ ಜೀವಮಾನದಲ್ಲಿ ಯಾರ ಮಾತನ್ನೂ ಅಷ್ಟು ಶ್ರದ್ಧೆಯಿಂದ ಕೇಳಿದವರಲ್ಲ. ಬಚ್ಚಲಿಗೆ ಹೋಗುವಾಗಲೂ ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕೈ ಸೊಸೆಯ ಹೆಗಲ ಮೇಲೆ. ಹಾಗಾಗಿ ಮಂಚ ಖಾಲಿಯಾದಾಗಲೆಲ್ಲ ಸೊಸೆಯ ಕೈ ಖಾಲಿ ಇರುತ್ತಿರಲಿಲ್ಲ.

ಸೊಸೆಗೆ ಅತ್ತೆಯ ಸೊಂಟದ ಚಿಂತೆ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಮೇಲೆ ಅದಕ್ಕಿಂತ ದೊಡ್ಡ ಚಿಂತೆಯೊಂದು ಶುರುವಾಯಿತು. ಅದು ಇದ್ದದ್ದು ಅದೇ ಸೊಂಟದ ಕೆಳಗೆ.

ಅವರದು ಚಾಕು ಮಾಡುವ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಕಾರ್ಖಾನೆ: ಒಂದು ಕುಲುಮೆ, ಮೂರು ಸಾಣೆಚಕ್ರ, ಕಿಟಕಿಯ ಪಕ್ಕ ಒಂದು ಮೇಜು. ಕುಲುಮೆ, ಸಾಣೆ ಗಂಡನದು. ಮೇಜು ಅವಳದು. ತಯಾರಾದ ಪ್ರತಿ ಅಲಗಿನ ಮೇಲೆ ಮನೆಯ ಗುರುತು ಹಾಕುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಅವಳ ಕೈಯಲ್ಲಿತ್ತು. ಗಿರಾಕಿಗಳು ಅವಳನ್ನು ಗುರುತಿನಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಗುರುತು ಒಂದು ಕೊಕ್ಕರೆ. ತುಂಬಿದ ಹೊಟ್ಟೆ, ಬಾಗಿದ ಕತ್ತು, ಮುಂದಕ್ಕೆ ಚಾಚಿದ ಕೊಕ್ಕು. ಮಾವನವರು ಸ್ವಂತ ಕೈಯಿಂದ ಬರೆದದ್ದೆಂದು ಊರೆಲ್ಲ ಹೇಳುತ್ತಿತ್ತು.

ಗುರುತು ಹಾಕುವುದಕ್ಕೆ ಬೇಕಾದದ್ದು ಸ್ಟೆನ್ಸಿಲ್. ಅಂಗೈಯಗಲದ ತೆಳ್ಳನೆಯ ಹಾಳೆ. ಗುರುತಿನ ಆಕಾರ ಇರುವಷ್ಟು ಜಾಗದಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ತೂತುಗಳು, ಉಳಿದದ್ದೆಲ್ಲ ಮುಚ್ಚಿರುತ್ತದೆ. ಅದನ್ನು ಅಲಗಿನ ಮೇಲೆ ಅಲ್ಲಾಡದಂತೆ ಇಟ್ಟು, ಉಪ್ಪುನೀರಿನಂಥ ದ್ರಾವಣದಲ್ಲಿ ಅದ್ದಿದ, ಕರೆಂಟಿನ ತಂತಿ ಸಿಕ್ಕಿಸಿದ ಪ್ಯಾಡನ್ನು ಅದರ ಮೇಲೆ ಕೆಲವು ಕ್ಷಣ ಒತ್ತಿದರೆ ಮುಗಿಯಿತು. ಹಾಳೆ ಎತ್ತಿದಾಗ ಉಕ್ಕಿನ ಮೇಲೆ ಕಪ್ಪು ಕೊಕ್ಕರೆ ಕೂತಿರುತ್ತದೆ. ಒಮ್ಮೆ ಕೂತರೆ ಅದು ಹಾರಿಹೋಗುವುದಿಲ್ಲ. ಸಾಣೆಗೆ ಹಿಡಿದು ಅಲಗನ್ನೇ ಸವೆಸಬೇಕು, ಅಷ್ಟೆ.

ಹಾಕುವುದು ಸುಲಭ. ಹಾಳೆಯನ್ನು ಸಾಕುವುದು ಕಷ್ಟ. ಅವಳಿಗೆ ಅದರದೇ ಒಂದು ಪಾಠವಿತ್ತು. ಕೆಲಸ ಮುಗಿದ ತಕ್ಷಣ ನೀರಿನಲ್ಲಿ ತೊಳೆಯಬೇಕು, ದ್ರಾವಣ ಒಣಗಿದರೆ ಉಪ್ಪುಗಟ್ಟಿ ತೂತು ಮುಚ್ಚಿಕೊಳ್ಳುತ್ತದೆ. ಉಜ್ಜಬಾರದು. ಎರಡು ಮೆತ್ತನೆಯ ಕಾಗದಗಳ ನಡುವೆ ಒತ್ತಿ ನೀರು ತೆಗೆಯಬೇಕು. ನೆರಳಲ್ಲಿ ಪೂರ್ತಿ ಆರಿದ ಮೇಲೆ ಕವರಿಗೆ ಹಾಕಿ, ಚಪ್ಪಟೆಯಾಗಿ, ಭಾರದ ಕೆಳಗೆ ಇಡಬೇಕು. ಈ ಪಾಠವನ್ನು ಅವಳು ಗಂಡನಿಗೆ ಎಷ್ಟು ಸಲ ಒಪ್ಪಿಸಿದ್ದಳೋ ಲೆಕ್ಕವಿಲ್ಲ. ಅವನು ಒಂದು ಸಲ ಹಾಳೆಯನ್ನು ಬಿಸಿಲಿಗೆ ಒಣಹಾಕಿ ಬೀಡಿಯ ಹಾಗೆ ಸುರುಳಿ ಮಾಡಿದ್ದ. ಇನ್ನೊಂದು ಸಲ ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಆ ಹಾಳೆಯಿಂದ ಬಿದ್ದ ಕೊಕ್ಕರೆಗಳಿಗೆಲ್ಲ ಕತ್ತು ಮುರಿದಿತ್ತು.

ಭಾರ ಯಾವುದಿರಬೇಕು ಎನ್ನುವುದು ಮೊದಮೊದಲು ದೊಡ್ಡ ತಲೆನೋವಾಗಿತ್ತು. ಪುಸ್ತಕ ಇಟ್ಟರೆ ಸಾಲದು. ಕಬ್ಬಿಣದ ತೂಕ ಇಟ್ಟರೆ ತುಕ್ಕು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದನ್ನು ನೋಡುತ್ತ ನಿಂತಿದ್ದಾಗ ಅವಳಿಗೆ ಉತ್ತರ ಹೊಳೆಯಿತು. ಅತ್ತೆ ಎಂಬತ್ತು ಕಿಲೋ. ಮಲಗಿದರೆ ಮಗ್ಗುಲು ಬದಲಿಸುವವರಲ್ಲ. ಬೆನ್ನಿಗೆ ಒಳ್ಳೆಯದೆಂದು ಹಾಸಿಗೆಯ ಕೆಳಗೆ ಆಗಲೇ ಒಂದು ಪ್ಲೈವುಡ್ ಹಲಗೆ ಇತ್ತು. ಅವಳು ಇನ್ನೊಂದನ್ನು ತಂದು ಸೇರಿಸಿದಳು. ಎರಡರ ನಡುವೆ ಹಾಳೆಗಳ ಕವರುಗಳು. ಅತ್ತೆ ಸ್ನಾನಕ್ಕೆ ಹೋದಾಗ ಇಡುವುದು, ತೆಗೆಯುವುದು. ಇಪ್ಪತ್ತು ವರ್ಷಗಳಲ್ಲಿ ಒಂದು ಹಾಳೆಯ ತುದಿಯೂ ಮೇಲೆದ್ದಿರಲಿಲ್ಲ.

ಅತ್ತೆಗೆ ಇದು ಗೊತ್ತಿರಲಿಲ್ಲ. ಎರಡನೆಯ ಹಲಗೆಯ ವಿಷಯವನ್ನು ಅವರು ಮಗಳಿಗೆ ಫೋನಿನಲ್ಲಿ ಹೇಳುವುದನ್ನು ಅವಳು ಕೇಳಿಸಿಕೊಂಡಿದ್ದಳು. "ನೀನು ಹೊಟ್ಟೇಲಿ ಹುಟ್ಟಿದವಳು, ಒಂದು ದಿಂಬು ಕೊಡಿಸಿದ್ದೀಯಾ? ನನ್ನ ಸೊಸೆ ನೋಡು, ನಾನು ಕೇಳದೇನೆ ಹಲಗೆ ತಂದು ಹಾಕಿದಳು." ಅಂದು ಅವಳಿಗೆ ನಾಚಿಕೆಯಾಗಿತ್ತು. ಆದರೆ ಹಾಳೆಗಳು ಅಷ್ಟು ಚೆನ್ನಾಗಿ ಚಪ್ಪಟೆಯಾಗುತ್ತಿದ್ದಾಗ ನಾಚಿಕೆಯನ್ನು ಎಷ್ಟು ದಿನ ಇಟ್ಟುಕೊಳ್ಳಲಾದೀತು.

ಆ ಹಲಗೆಗಳ ನಡುವೆ, ತಮ್ಮ ಚಾಕು ಕತ್ತರಿಗಳ ಮೇಲೆ ತಮ್ಮದೇ ಗುರುತು ಬೇಕೆಂದ ಗಿರಾಕಿಗಳ ಹಾಳೆಗಳ ಮೂವತ್ತನಾಲ್ಕು ಕವರುಗಳಿದ್ದವು. ಅವಕ್ಕಿಂತ ಕೆಳಗೆ ಮೂವತ್ತೈದನೆಯದು, ಅದರ ಮೇಲೆ ಏನೂ ಬರೆದಿರಲಿಲ್ಲ.

ಅದರ ಕತೆ ಹೀಗೆ. ಆ ಮನೆಯ ಚಾಕುಗಳೆಲ್ಲ ಗಂಡನ ಅಂಗೈಯ ಅಳತೆಗೆ ಹುಟ್ಟಿದಂಥವು. ಅವಳ ಕೈ ಚಿಕ್ಕದು. ಆಲೂಗೆಡ್ಡೆಯ ಸಿಪ್ಪೆ ತೆಗೆಯುವಾಗ ಚಾಕು ಅವಳನ್ನು ಹಿಡಿದುಕೊಂಡಿದೆಯೇನೋ ಅನ್ನಿಸುತ್ತಿತ್ತು. ಮೂರು ವರ್ಷದ ಹಿಂದೆ, ಗಂಡ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ, ಕತ್ತರಿಸಿ ಉಳಿದ ಉಕ್ಕಿನ ಪಟ್ಟಿಯೊಂದನ್ನು ತೆಗೆದುಕೊಂಡು ಸಣ್ಣ ಸಾಣೆಯ ಮುಂದೆ ಕೂತಳು. ಮೊದಲನೆಯದು ಚಮಚದ ಹಾಗಾಯಿತು. ಎರಡನೆಯದನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಹತ್ತನೆಯ ಹೊತ್ತಿಗೆ ಕೈಗೆ ಹದ ಸಿಕ್ಕಿತು. ಮೇಜಿನ ಡ್ರಾಯರಿನಲ್ಲಿ, ಒರೆಸುವ ಬಟ್ಟೆಗಳ ಕೆಳಗೆ, ಬೆರಳುದ್ದದ ಏಳು ಚಾಕುಗಳು ಸೇರಿಕೊಂಡವು. ಯಾವುದಕ್ಕೂ ಗುರುತಿಲ್ಲ. ಕೊಕ್ಕರೆ ಹಾಕಬಹುದಿತ್ತು, ಕೈ ಬರಲಿಲ್ಲ. ದಿನಕ್ಕೆ ಮೂವತ್ತು ಚಾಕುಗಳಿಗೆ ಹೆಸರಿಡುತ್ತಿದ್ದವಳಿಗೆ ತನ್ನ ಏಳಕ್ಕೆ ಇಡಲು ಹೆಸರಿರಲಿಲ್ಲ.

ಹಾಗಾಗಿ ಹಾಳೆ ಮಾಡುವವರಿಗೆ ಕಾರ್ಖಾನೆಯ ಆರ್ಡರ್ ಕಳಿಸುವಾಗ ಅದರ ಜೊತೆ ತನ್ನದೊಂದು ಚಿತ್ರ ಸೇರಿಸಿದಳು. ಒಂದು ಹೇರ್‌ಪಿನ್. ಒಂದು ಕಾಲು ನೆಟ್ಟಗೆ, ಇನ್ನೊಂದು ಮೂರು ಕಡೆ ಬಳುಕಿದ್ದು. ಕೆಲಸ ಮಾಡುವಾಗ ಯಾವಾಗಲೂ ಅವಳ ತುಟಿಗಳ ನಡುವೆ ಅದೊಂದಿರುತ್ತಿತ್ತು. ಅಲಗಿಗೆ ಅಂಟಿದ ಒದ್ದೆ ಹಾಳೆಯ ಮೂಲೆ ಎತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಅವಳಿಗೆ ಗೊತ್ತಿರಲಿಲ್ಲ. ತಿಂಗಳ ಹಿಂದೆ ಹಾಳೆ ಬಂತು. ಒಂದು ತುಂಡು ಉಕ್ಕಿನ ಮೇಲೆ ಹಾಕಿ ನೋಡುತ್ತಿದ್ದಾಗಲೇ ಗಂಡನ ಚಪ್ಪಲಿಯ ಸದ್ದು ಕೇಳಿ, ಹಾಳೆಯನ್ನು ಕವರಿಗೆ ತುರುಕಿ ಒಳಗೆ ಓಡಿ, ಖಾಲಿ ಇದ್ದ ಮಂಚದ ಹಲಗೆಗಳ ನಡುವೆ ಎಲ್ಲಕ್ಕಿಂತ ತಳಕ್ಕೆ ಸರಿಸಿದ್ದಳು. ಆಮೇಲೆ ತೆಗೆದಿರಲಿಲ್ಲ. ನಾಳೆ ಹಾಕೋಣ, ನಾಳಿದ್ದು ಹಾಕೋಣ ಎಂದು ದಿನ ದೂಡಿದ್ದಳು.

ಇಂದು ಬೆಳಿಗ್ಗೆ ಹೋಟೆಲಿನ ಬಾಣಸಿಗ ಬಂದ. ಬಾಗಿಲು ತುಂಬುವಂಥ ಆಳು. ಎರಡು ವಾರದ ಹಿಂದೆ ಸಾಣೆಗೆ ಕೊಟ್ಟಿದ್ದ ಅವನ ಚಾಕುಗಳ ಕಟ್ಟಿನಲ್ಲಿ ಅವಳ ಒಂದು ಪುಟ್ಟ ಚಾಕು ಸೇರಿಹೋಗಿತ್ತು. ಕೈತಪ್ಪಿ ಹೋಗಿತ್ತು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

"ಇದು ಯಾರದ್ದು?" ಎಂದು ಅವನು ಚಾಕುವನ್ನು ಮೇಜಿನ ಮೇಲಿಟ್ಟ. "ನಮ್ಮ ಅಡುಗೆಮನೇಲಿ ಸಿಪ್ಪೆ ತೆಗೆಯೋ ಹೆಂಗಸರು ಆರು ಜನ. ಇದಕ್ಕೋಸ್ಕರ ಎರಡು ವಾರದಿಂದ ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಮಣಿಕಟ್ಟು ನೋಯೋದೇ ಇಲ್ವಂತೆ. ನನಗೆ ಇಂಥವು ಆರು ಬೇಕು."

ಗಂಡ ಚಾಕುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ನಾನು ಯಾವಾಗ ಮಾಡಿದ್ದು?" ಎಂದ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ. "ಹ್ಞಾ, ಮಾಡಿರಬೇಕು," ಎಂದು ತಾನೇ ಹೇಳಿಕೊಂಡ.

ಅವಳ ಬಾಯಲ್ಲಿ ಹೇರ್‌ಪಿನ್ ಇತ್ತು. ಅದನ್ನು ತೆಗೆದು ಮಾತಾಡುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಅವಳು ಡ್ರಾಯರಿನಿಂದ ಉಳಿದ ಆರನ್ನು ತೆಗೆದು ಸುಮ್ಮನೆ ಮೇಜಿನ ಮೇಲೆ ಜೋಡಿಸಿದಳು.

"ಗುರುತು ಹಾಕಿಕೊಡಿ ಮತ್ತೆ," ಎಂದ ಬಾಣಸಿಗ. "ಗುರುತಿಲ್ಲದ ಚಾಕು ನಮ್ಮಲ್ಲಿ ಯಾರದ್ದೂ ಅಲ್ಲ, ಸಂಜೆಯೊಳಗೆ ಮಾಯ. ನಾಲ್ಕು ಗಂಟೆಗೆ ಬರ್ತೀನಿ."

ಅವನು ಹೋದ ಮೇಲೆ ಗಂಡ, "ಕೊಕ್ಕರೆ ಹಾಕಿಬಿಡು," ಎಂದ. ಆಮೇಲೆ, "ನೀನು ಅಮ್ಮನ್ನ ನೋಡ್ಕೊಳ್ಳೋದಾದ್ರೆ ಬಿಡು, ಮೂರೂವರೆಗೆ ನಾನೇ ಹಾಕ್ತೀನಿ," ಎಂದು ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ.

ಕೊಕ್ಕರೆಯ ಹಾಳೆ ಮೇಜಿನ ಮೇಲೆ ಕೈಗೆ ಸಿಗುವಂತಿತ್ತು. ಹೇರ್‌ಪಿನ್ನಿನ ಹಾಳೆ ಎಂಬತ್ತು ಕಿಲೋ ಭಾರದ ಕೆಳಗಿತ್ತು. ಮೂರೂವರೆಗೆ ಕೊಕ್ಕರೆ ಬಂದು ಕೂತರೆ ಆ ಆರು ಚಾಕುಗಳು ಎಂದೆಂದಿಗೂ ಗಂಡನವೇ. ಅವನಿಗೆ ಅವನ್ನು ಮಾಡಿದ ನೆನಪೂ ಬಂದುಬಿಡುತ್ತದೆ, ಅವನ ಸ್ವಭಾವ ಅವಳಿಗೆ ಗೊತ್ತಿತ್ತು.

ಅವಳು ಮೊದಲು ಚಾದರದ ನೆಪ ಹೂಡಿದಳು.

"ಅತ್ತೆ, ಚಾದರ ಬದಲಾಯಿಸ್ತೀನಿ. ಸ್ವಲ್ಪ ಆ ಕಡೆ ಹೊರಳ್ತೀರಾ?"

"ನಿನ್ನೆ ತಾನೇ ಬದಲಾಯಿಸಿದೆಯಲ್ಲೇ. ಡಾಕ್ಟರು ಅಲ್ಲಾಡಬೇಡಿ ಅಂದಿದ್ದಾರೆ. ನಾನು ಸತ್ತ ಮೇಲೆ ಬದಲಾಯಿಸುವಂತೆ."

ಒಂದು ಗಂಟೆಗೆ ಊಟ ಕೊಡುವ ನೆಪದಲ್ಲಿ ಮಂಚದ ಪಕ್ಕ ಮಂಡಿಯೂರಿ ಬೆರಳು ತೂರಿಸಿ ನೋಡಿದಳು. ಹಲಗೆಗಳು ಒಂದಕ್ಕೊಂದು ಮೈ ಹತ್ತಿಸಿಕೊಂಡು ಕೂತಿದ್ದವು. ಇಪ್ಪತ್ತು ವರ್ಷ ಯಾವ ಗುಣಕ್ಕಾಗಿ ಅತ್ತೆಯನ್ನು ಮನಸ್ಸಿನಲ್ಲೇ ಹೊಗಳಿದ್ದಳೋ ಅದೇ ಗುಣ ಇಂದು ಅಡ್ಡ ನಿಂತಿತ್ತು.

ಎರಡೂವರೆಗೆ ಅತ್ತೆಯ ಗೊರಕೆ ಕೇಳಿಸಿತು. ಅವಳು ಕಾರ್ಖಾನೆಯಿಂದ ಮೀನು ಸೀಳುವ ಉದ್ದನೆಯ, ಬಳುಕುವ ಚಾಕು ತಂದಳು. ಅದರ ಬಾಯಿಗೆ ಟೇಪು ಸುತ್ತಿ, ತುದಿಗೆ ಅಂಟು ಹೊರಗಿರುವಂತೆ ಇನ್ನೊಂದು ತುಂಡು ಟೇಪು ಹಚ್ಚಿದಳು. ನೆಲದ ಮೇಲೆ ಅಂಗಾತ ಮಲಗಿ, ಹಲಗೆಗಳ ಸಂದಿನಲ್ಲಿ ಚಾಕು ತೂರಿಸಿ, ಉಸಿರು ಬಿಗಿಹಿಡಿದು ಎಳೆದಳು. ಒಂದು ಕವರು ಬಂತು. ಮೂರು ವರ್ಷದ ಹಿಂದೆ ಮುಚ್ಚಿಹೋದ ಹೋಟೆಲೊಂದರ ಗುರುತು. ಎರಡನೆಯ ಸಲ ಎದುರು ಮನೆಯ ದರ್ಜಿಯ ಕತ್ತರಿಗೆ ಹಾಕುತ್ತಿದ್ದ ಗುರುತು. ಮೂರನೆಯ ಸಲ ಚಾಕುವೇ ಸಿಕ್ಕಿಕೊಂಡಿತು.

ಹಾಗೆ ಮಲಗಿದ್ದಾಗಲೇ ಅವಳ ಕಣ್ಣಿಗೆ ಅತ್ತೆಯ ಚಪ್ಪಲಿಗಳು ಬಿದ್ದವು. ಬೆಳಿಗ್ಗೆ ಅವಳೇ ಅವನ್ನು ಗೋಡೆಯ ಕಡೆಗೆ ಮುಖ ಮಾಡಿ ಜೋಡಿಸಿದ್ದಳು. ಈಗ ಅವು ಅಡುಗೆಮನೆಯ ಕಡೆಗೆ ಮುಖ ಮಾಡಿದ್ದವು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ. ಆ ಡಬ್ಬಿ ಇರುವುದು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಸ್ಟೂಲು ಹತ್ತದೆ ಸಿಗದು.

ಅವಳು ತಲೆಯೆತ್ತಿ ನೋಡಿದಳು. ಅತ್ತೆ ಮಂಚದ ಅಂಚಿನಿಂದ ಅವಳನ್ನೇ ನೋಡುತ್ತಿದ್ದರು. ಬಾಯಿಂದ ಗೊರಕೆ ಮಾತ್ರ ಇನ್ನೂ ಬರುತ್ತಿತ್ತು.

"ಕೈಯಲ್ಲಿ ಚಾಕು ಹಿಡ್ಕೊಂಡು ಅತ್ತೆ ಮಂಚದ ಕೆಳಗೆ ಏನು ಮಾಡ್ತಿದೀಯ?" ಎಂದರು ಗೊರಕೆ ನಿಲ್ಲಿಸಿ.

"ಬಿಸ್ಕತ್ತಿನ ಡಬ್ಬಿ ಇಲ್ಲಿಗೆ ಹೇಗೆ ಬಂತು ಅತ್ತೆ?"

ಅತ್ತೆ ಚಾದರವನ್ನು ಎದೆಯವರೆಗೆ ಎಳೆದುಕೊಂಡರು.

"ನೋವು ಯಾವತ್ತು ಹೋಯ್ತು?" ಎಂದಳು ಅವಳು.

"ನಿನ್ನೆ," ಎಂದರು ಅತ್ತೆ. ಗಲ್ಲ ಸ್ವಲ್ಪ ಮೇಲೆತ್ತಿಯೇ ಹೇಳಿದರು. "ನಿನ್ನೆ ಸಂಜೆ ಎದ್ದು ಓಡಾಡೋಣ ಅಂತಿದ್ದೆ. ಅಷ್ಟರಲ್ಲಿ ನನ್ನ ಮಗ ಟೀ ತಂದುಕೊಟ್ಟ. ಐವತ್ತು ವರ್ಷ ಆಯ್ತು ಅವನು ಹುಟ್ಟಿ, ಅವನ ಕೈಯಿಂದ ಒಂದು ಲೋಟ ಟೀ ಕುಡಿದವಳಲ್ಲ. ಸಕ್ಕರೆ ಜಾಸ್ತಿ ಹಾಕಿದ್ದ, ಆದರೂ ಕುಡಿದೆ. ಇನ್ನೊಂದು ದಿನ ಮಲಗಿರೋಣ ಅನ್ನಿಸ್ತು. ಅದರಲ್ಲೇನು ತಪ್ಪು? ಈಗ ನಿನ್ನದು ಹೇಳು."

ಅವಳು ನೆಲದ ಮೇಲೆ ಎದ್ದು ಕೂತು ಹೇಳಿದಳು. ಉಕ್ಕಿನ ಪಟ್ಟಿ, ಏಳು ಚಾಕು, ಹೇರ್‌ಪಿನ್, ನಾಲ್ಕು ಗಂಟೆ. ಎರಡನೆಯ ಹಲಗೆಯ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿದಳು.

"ಅಂದ್ರೆ ಅದು ನನ್ನ ಬೆನ್ನಿಗೆ ಅಂತ ಹಾಕಿದ್ದಲ್ಲ," ಎಂದರು ಅತ್ತೆ.

"ಬೆನ್ನಿಗೂ ಒಳ್ಳೇದೇ ಆಯ್ತಲ್ಲ ಅತ್ತೆ."

"ಇಪ್ಪತ್ತು ವರ್ಷ ನಾನು ಮಲಗಿದ್ದೆ ಅಂದ್ಕೊಂಡಿದ್ದೆ. ನೋಡಿದ್ರೆ ಕೆಲಸ ಮಾಡ್ತಿದ್ದೆ." ಅತ್ತೆ ಚಾದರ ಸರಿಸಿ, ಹದಿನೆಂಟರ ಹುಡುಗಿಯ ಹಾಗೆ ಎದ್ದು ನಿಂತರು. "ಬೇಗ ತಗೋ. ಅವನು ಬಂದ್ರೆ ನಾನು ಮತ್ತೆ ಬೀಳ್ಬೇಕು."

ಇಬ್ಬರೂ ಸೇರಿ ಹಾಸಿಗೆ ಮಡಚಿ ಹಲಗೆ ಎತ್ತಿದರು. ಮೂವತ್ತೈದನೆಯ ಕವರು ತಳದಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದ ಅವಳ ಮುಖ ಬಿಳುಚಿಕೊಂಡಿತು. ತೊಳೆಯದೆ, ಆರಿಸದೆ ತುರುಕಿದ್ದ ಹಾಳೆ. ಒಳಗಿನ ಕಾಗದಕ್ಕೆ ಕಚ್ಚಿಕೊಂಡು, ಹೇರ್‌ಪಿನ್ನಿನ ಮೇಲೆಲ್ಲ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಊರವರ ಮೂವತ್ತನಾಲ್ಕು ಹಾಳೆಗಳನ್ನು ಮಕ್ಕಳ ಹಾಗೆ ಸಾಕಿದವಳು ತನ್ನದೊಂದನ್ನು ಹೀಗೆ ಮಾಡಿಟ್ಟಿದ್ದಳು. ಅವಳು ಉಗುರಿನಿಂದ ಮೂಲೆ ಬಿಡಿಸಲು ಹೋದಳು.

"ಉಜ್ಜಬಾರದು," ಎಂದರು ಅತ್ತೆ. "ಕೆರೆಯಬಾರದು. ಉಗುರುಬೆಚ್ಚಗಿನ ನೀರಲ್ಲಿ ಚಪ್ಪಟೆಯಾಗಿ ಇಟ್ಟು ಸುಮ್ಮನೆ ಕೂರಬೇಕು. ತಾನಾಗೇ ಬಿಡುತ್ತೆ."

ಅವಳು ಬೆಕ್ಕಸಬೆರಗಾಗಿ ನೋಡಿದಳು.

"ಏನು ನೋಡ್ತೀಯ? ಇಪ್ಪತ್ತೆರಡು ವರ್ಷದಿಂದ ಗೋಡೆಯಾಚೆ ನಿನ್ನ ಗಂಡನಿಗೆ ಇದೇ ಪಾಠ ಹೇಳ್ತಿದ್ದೀಯ. ಅವನಿಗೆ ಬಂದಿಲ್ಲ, ನನಗೆ ಬಂದಿದೆ."

ತಟ್ಟೆಯಲ್ಲಿ ಬೆಚ್ಚನೆಯ ನೀರು ಬಂತು. ಹಾಳೆ ಅದರಲ್ಲಿ ಮಲಗಿತು. ಅತ್ತೆ ಸೊಸೆ ಅಡುಗೆಮನೆಯ ಮೇಜಿನ ಎರಡು ಕಡೆ ಕೂತು ಅದನ್ನೇ ಕಾದರು. ಮೂರು ಗಂಟೆ ಹತ್ತು ನಿಮಿಷ. ಅತ್ತೆ, ಸೊಸೆ ಕಾರ್ಖಾನೆಯಿಂದ ತಂದಿಟ್ಟಿದ್ದ ಪುಟ್ಟ ಚಾಕುಗಳಲ್ಲಿ ಒಂದನ್ನು ತೆಗೆದುಕೊಂಡು ಟೊಮೇಟೊ ಮೇಲೆ ಇಟ್ಟರು. ಒತ್ತಲಿಲ್ಲ, ಅದು ತಾನೇ ಇಳಿಯಿತು. ಅವರು ಎರಡನೆಯ ಟೊಮೇಟೊಗೆ ಕೈ ಹಾಕಿದರು. ಹೊಗಳುವುದು ಅವರ ಪದ್ಧತಿಯಲ್ಲ.

"ಆ ಕೊಕ್ಕರೆ ಬರೆದಿದ್ದು ಯಾರು ಗೊತ್ತಾ?" ಎಂದರು ಸ್ವಲ್ಪ ಹೊತ್ತಾದ ಮೇಲೆ.

"ಮಾವನವರು."

"ಅವರಿಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರ್ತಿರಲಿಲ್ಲ. ನಾನು ಬರೆದದ್ದು. ಅಂಗಡಿಗೆ ಒಂದು ಗುರುತು ಬೇಕು ಅಂತ ತಲೆ ಕೆರೆದುಕೊಳ್ತಿದ್ರು, ನಾನು ಇದೇ ಮೇಜಿನ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದೆ." ಅತ್ತೆ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅದು ಕೊಕ್ಕರೆ ಅಲ್ಲ."

"ಮತ್ತೆ?"

"ಟೀ ಕೆಟಲ್."

ಸೊಸೆ ಕಾರ್ಖಾನೆಯ ಬಾಗಿಲ ಮೇಲಿನ ಬೋರ್ಡಿನ ಕಡೆ ತಿರುಗಿದಳು. ತುಂಬಿದ ಹೊಟ್ಟೆ. ಬಾಗಿದ ಕತ್ತು. ಮುಂದಕ್ಕೆ ಚಾಚಿದ ಕೊಕ್ಕು. ಇಪ್ಪತ್ತೆರಡು ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಅಲಗುಗಳ ಮೇಲೆ ಅವಳೇ ಕೂರಿಸಿದ್ದ ಹಕ್ಕಿ ಒಂದೇ ಕ್ಷಣದಲ್ಲಿ ಹಕ್ಕಿಯಾಗಿರುವುದನ್ನು ಬಿಟ್ಟುಬಿಟ್ಟಿತು.

"ಅವರು ನೋಡಿ, ಕೊಕ್ಕರೆ ಬಹಳ ಚೆನ್ನಾಗಿದೆ ಅಂದ್ರು. ಅಷ್ಟು ಖುಷಿಯಾಗಿದ್ರು. ಹೋಗ್ಲಿ ಬಿಡು ಅಂತ ನಾನೂ ಸುಮ್ಮನಾದೆ. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಬೋರ್ಡು ಬರೆಸಿಬಿಟ್ಟಿದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಏಪ್ರನ್ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅತ್ತೆಯೂ ನಕ್ಕರು. ಆದರೆ ಅವರು ಬೇಗ ನಿಲ್ಲಿಸಿದರು.

"ನಗೋಕೆ ಚೆನ್ನಾಗಿದೆ," ಎಂದರು. "ನಿನ್ನದನ್ನಾದ್ರೂ ಹೇರ್‌ಪಿನ್ ಅಂತ ಹೇಳು."

ಅಷ್ಟರಲ್ಲಿ ಹಿಂಬಾಗಿಲ ಕಡೆ ಚಪ್ಪಲಿಯ ಸದ್ದಾಯಿತು. ಅತ್ತೆ ಕೋಣೆಗೆ ಹೋದ ವೇಗ ನೋಡಿದ್ದರೆ ಡಾಕ್ಟರು ಕೆಲಸ ಬಿಟ್ಟುಬಿಡುತ್ತಿದ್ದರು. ಮಂಚ ಕಿರುಗುಟ್ಟಿತು. ಬೆನ್ನಿಗೇ ನರಳಾಟ ಕೇಳಿಸಿತು.

"ಮೂರೂವರೆ ಆಯ್ತು," ಎಂದ ಗಂಡ ಒಳಗೆ ಬಂದು. "ಆ ಸಣ್ಣ ಚಾಕು ಎಲ್ಲಿ? ನಾನೇ ಹಾಕ್ತೀನಿ."

ಅವಳು ತಟ್ಟೆಯ ಮೇಲೆ ಬಟ್ಟೆ ಎಳೆದಳು. ಕೋಣೆಯಿಂದ ದನಿ ಬಂತು. "ಮಗಾ, ಬೆನ್ನಿಗೆ ಬಿಸಿನೀರಿನ ಚೀಲ ಇಡಪ್ಪ. ಅವಳು ಇಟ್ರೆ ಸರಿಯಾಗಿ ಕೂರಲ್ಲ."

ಗಂಡ ನೀರು ಕಾಯಿಸಿದ. ಚೀಲ ತುಂಬಿದ. ಇಟ್ಟ. ಸ್ವಲ್ಪ ಮೇಲೆ ಇಡು ಎಂದರು. ಇಟ್ಟ. ಅಷ್ಟು ಮೇಲಲ್ಲ ಎಂದರು. ಆಮೇಲೆ ಮಾತ್ರೆಯ ಪಟ್ಟಿಯ ಮೇಲೆ ಏನು ಬರೆದಿದೆ ಓದು ಎಂದರು. ಅಕ್ಷರ ಸಣ್ಣದು, ಅವನ ಕನ್ನಡಕ ಕಾರ್ಖಾನೆಯಲ್ಲಿತ್ತು.

ಈ ಕಡೆ ಕಾಗದ ಹಾಳೆಯಿಂದ ತಾನಾಗಿ ಬಿಟ್ಟು ನೀರಿನಲ್ಲಿ ತೇಲಿತು. ಅವಳು ನೀರು ಬದಲಿಸಿದಳು, ಮತ್ತೆ ಬದಲಿಸಿದಳು. ಎರಡು ಕಾಗದಗಳ ನಡುವೆ ಹಾಳೆಯನ್ನು ಒತ್ತಿ ಕಿಟಕಿಗೆ ಹಿಡಿದಳು. ಬೆಳಕು ಹೇರ್‌ಪಿನ್ನಿನ ನೆಟ್ಟನೆಯ ಕಾಲಿನಲ್ಲಿ ಪೂರ್ತಿ ಬಂತು. ಬಳುಕಿದ ಕಾಲಿನ ಕೊನೆಯ ತಿರುವಿನಲ್ಲಿ ಒಂಚೂರು ಮಸುಕಾಗಿ ಬಂತು. ಸಾಕು, ಎಂದುಕೊಂಡಳು. ಚಾಕುಗಳನ್ನೂ ಎತ್ತಿಕೊಂಡು ಕಾರ್ಖಾನೆಗೆ ಹೋಗಿ, ಕೊಕ್ಕರೆಯ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೊದಲ ಚಾಕುವಿನ ಮೇಲೆ ತನ್ನದನ್ನು ಇಟ್ಟು ಪ್ಯಾಡ್ ಒತ್ತಿದಳು. ಹಾಳೆ ಎತ್ತುವ ಮೊದಲು ಅಂಚನ್ನು ಎರಡು ಸಲ ಮುಟ್ಟಿ ನೋಡಿದಳು. ಆರನೆಯದರ ಹೊತ್ತಿಗೆ ಮುಟ್ಟಿ ನೋಡದೆಯೇ ಎತ್ತಿದಳು.

ಬಾಣಸಿಗ ಐದು ನಿಮಿಷ ಮೊದಲೇ ಬಂದ. ಒಂದು ಚಾಕು ಎತ್ತಿ ನೋಡಿ, "ಇದೇನು ಗುರುತು? ಪಕ್ಕದಲ್ಲಿ ರಸ್ತೆ, ಇದು ನದಿ... ಚೆನ್ನಾಗಿದೆ," ಎಂದ.

ಗಂಡನೂ ಕೋಣೆಯಿಂದ ಬೆವರೊರೆಸಿಕೊಂಡು ಬಂದು ಬಗ್ಗಿ ನೋಡಿದ. "ಕೊಕ್ಕರೆ ಎಲ್ಲಿ? ಇದ್ಯಾವುದು, ಗರಗಸನಾ?"

ಚೆನ್ನಾಗಿದೆ ಅಂದರಲ್ಲ, ಹೋಗಲಿ ಬಿಡು ಎಂದು ಅವಳ ನಾಲಿಗೆಯ ತುದಿಯವರೆಗೂ ಬಂತು. ನದಿ ಏನೂ ಕೆಟ್ಟ ಹೆಸರಲ್ಲ. ಕೋಣೆಯ ಕಡೆಯಿಂದ ನರಳಾಟ ನಿಂತಿತ್ತು. ಅಲ್ಲೊಬ್ಬರು ಕಿವಿಗೊಟ್ಟು ಕೇಳುತ್ತಿದ್ದರು.

ಅವಳು ಬಾಯಿಂದ ಹೇರ್‌ಪಿನ್ ತೆಗೆದು, ಚಾಕುವಿನ ಮೇಲೆ, ಗುರುತಿನ ಪಕ್ಕದಲ್ಲಿಟ್ಟಳು.

"ನದಿ ಅಲ್ಲ," ಎಂದಳು. "ಹೇರ್‌ಪಿನ್. ಇದು ನನ್ನ ಗುರುತು."

"ನಿನ್ನದು ಅಂದ್ರೆ? ಚಾಕು?" ಎಂದ ಗಂಡ.

"ಚಾಕೂ ನನ್ನದೇ ಕಣ್ರೀ. ನಾನು ಮಾಡಿದ್ದು. ಮೂರು ವರ್ಷದಿಂದ, ನೀವು ಮಲಗಿದ್ದಾಗ."

ಗಂಡ ಚಾಕುವನ್ನು ಕೈಗೆತ್ತಿಕೊಂಡ. ಅದು ಅವನ ಅಂಗೈಯಲ್ಲಿ ಕಳೆದೇಹೋಯಿತು. ಬಹಳ ಹೊತ್ತು ನೋಡಿದ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟ.

"ಸದ್ಯ," ಎಂದ. "ಬೆಳಗ್ಗಿಂದ ಒಳಗೊಳಗೇ ಹೆದರಿ ಸತ್ತಿದ್ದೆ. ಮಾಡಿದ್ದು ನೆನಪೇ ಬರ್ತಿಲ್ಲವಲ್ಲ, ನನಗೆ ಮರೆವು ಶುರುವಾಯ್ತಾ ಅಂತ." ಮತ್ತೆ ಅಲಗನ್ನು ಬೆಳಕಿಗೆ ತಿರುಗಿಸಿದ. "ಸಾಣೆ ನನಗಿಂತ ಚೆನ್ನಾಗಿ ಹಿಡಿದಿದ್ದೀಯ. ಹಿಡಿ ಮಾತ್ರ ಸಣ್ಣದಾಯ್ತು."

"ನಿಮಗೆ ಸಣ್ಣದು," ಎಂದಳು ಅವಳು.

ಬಾಣಸಿಗ ಆರನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, "ಹೇರ್‌ಪಿನ್ ಚಾಕು ಅಂತ ಹೇಳ್ತೀನಿ ನಮ್ಮವರಿಗೆ," ಎಂದು ಹೊರಟ. ಕೋಣೆಯಿಂದ ದನಿ ಬಂತು. "ಮಗಾ, ಸ್ವಲ್ಪ ಟೀ ಮಾಡಪ್ಪ. ಸಕ್ಕರೆ ಕಮ್ಮಿ."

ಗಂಡ ಕೆಟಲ್ಲಿಗೆ ನೀರು ತುಂಬಲು ಹೋದ. ಅದನ್ನು ಅವನು ಕೈಯಲ್ಲಿ ಹಿಡಿದು ಬೋರ್ಡಿನ ಕೆಳಗೆ ನಿಂತದ್ದನ್ನು ನೋಡಿ ಅವಳಿಗೆ ಮತ್ತೆ ನಗು ಬಂತು. ಅವನು ಏನು ಎಂದು ಕೇಳಿದ. ಅದನ್ನು ಹೇಳಬೇಕಾದವಳು ತಾನಲ್ಲ ಎಂದುಕೊಂಡು ಅವಳು ತನ್ನ ಹಾಳೆಯತ್ತ ತಿರುಗಿದಳು.

ಹಾಳೆಯನ್ನು ತೊಳೆದಳು. ಉಜ್ಜಲಿಲ್ಲ. ಕಾಗದಗಳ ನಡುವೆ ಒತ್ತಿ, ನೆರಳಲ್ಲಿ ಆರಿಸಿ, ಹೊಸ ಕವರಿಗೆ ಹಾಕಿ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಳು. ಕೋಣೆಗೆ ಬಂದಾಗ ಅತ್ತೆ ಎದ್ದು ನಿಂತು, ಒಂದು ಕೈಯಿಂದ ಹಲಗೆಯ ಅಂಚು ಎತ್ತಿ ಹಿಡಿದು ಕಾಯುತ್ತಿದ್ದರು.

"ಆರಿದೆಯಾ?"

"ಆರಿದೆ."

"ಮುಟ್ಟಿ ನೋಡಿದೆಯಾ?"

"ನೋಡಿದೆ ಅತ್ತೆ."

"ಎಲ್ಲರದಕ್ಕಿಂತ ಮೇಲೆ ಇಡು," ಎಂದರು ಅತ್ತೆ. ಆಮೇಲೆ ಹಾಸಿಗೆ ಸರಿಮಾಡಿ, ಕೆಲಸಕ್ಕೆ ಹೊರಟವರ ಗಂಭೀರ ಮುಖದಲ್ಲಿ, ಅದರ ಮೇಲೆ ಮಲಗಿಕೊಂಡರು.